ಬೋಳು ಪುಸ್ತಕದ ನಾಲ್ಕನೇ ಭಾಗ

“ಕೊನೆ ಭಾಗ ಓದಿ ಮುಗಿಸ್ದೆ ಕಣಮ್ಮ. ಓದ್ತಾ ಓದ್ತಾ ನೀನೇ ನೆನಪಿಗೆ ಬಂದೆ ನೋಡು.”

ಕೈವಾರದ ಮುನಿನಾರಾಯಣಪ್ಪನವರು ಕೊನೆಯ ಸಲ ಫೋನಿನಲ್ಲಿ ಸಿಕ್ಕಾಗ ನನಗೆ ಹೇಳಿದ ಮಾತು ಇದು. ಅವರು ಓದಿದ್ದು ಕೊಲೆಯ ಪುಸ್ತಕ. ಕೊನೆಯ ಭಾಗವೆಂದರೆ ಕೊಲೆ ಮಾಡಿದವರು ಸಿಕ್ಕಿಬೀಳುವ ಭಾಗ. ಅಲ್ಲಿ ನಾನು ಯಾಕೆ ನೆನಪಾಗಬೇಕು? ಕೇಳಿದ್ದಕ್ಕೆ ಫೋನಿನಲ್ಲೇ ಕೆಮ್ಮು ಬರುವಷ್ಟು ನಕ್ಕರು. “ಹೇಳಂಗಿಲ್ಲ ತಂಗ್ಯಮ್ಮ, ಬಾಯಿಗೆ ಬೀಗ” ಅಂದರು. ಹೇಳದೇ ಇದ್ದರೆ ಮುಂದಿನ ಭಾನುವಾರ ಫೋನ್ ಎತ್ತುವುದಿಲ್ಲ ಎಂದು ನಾನು ರೇಗಿದೆ. ಅದಕ್ಕೂ ನಕ್ಕರು. ಮುಂದಿನ ಭಾನುವಾರ ಬರುವ ಮೊದಲೇ, ತೋಟದಲ್ಲಿ ನೀರು ತಿರುಗಿಸುತ್ತಿದ್ದವರು ಬದುವಿನ ಮೇಲೆ ಕುಳಿತರಂತೆ, ಮತ್ತೆ ಏಳಲಿಲ್ಲ.

ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಎನ್ನುತ್ತಾರೆ. ಸರಿ, ಮಾಡಿಕೊಳ್ಳುವುದಿಲ್ಲ. ಆದರೆ ತಲೆಗೆ ಹುಳ ಬಿಟ್ಟು ಹೋದವರನ್ನು ಏನು ಮಾಡಬೇಕು, ಅದನ್ನು ಯಾರಾದರೂ ಹೇಳಲಿ. ಆ ಮನುಷ್ಯ ನನ್ನನ್ನು ಏನೆಂದುಕೊಂಡು ಕಣ್ಣು ಮುಚ್ಚಿದರು ಎಂಬುದು ನನಗೆ ಗೊತ್ತಾಗಲೇಬೇಕಿತ್ತು. ನನಗೆ ಒಡಹುಟ್ಟಿದ ಅಣ್ಣಂದಿರಿಲ್ಲ. ಬಾಯಿ ತುಂಬ ಅಣ್ಣ ಎಂದು ಕರೆದದ್ದು ಇವರೊಬ್ಬರನ್ನೇ.

ನಾನು ದಿಬ್ಬೂರಹಳ್ಳಿ ವರಲಕ್ಷ್ಮಮ್ಮ. ಶಿಡ್ಲಘಟ್ಟದ ಸುತ್ತ ಎಲ್ಲರಂತೆ ನಮ್ಮದೂ ರೇಷ್ಮೆಹುಳ ಮೇಯಿಸುವ ಮನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನು ಮುಚ್ಚಿಟ್ಟಿಲ್ಲ. “ಇವಳ ಬಾಯಿಗೆ ಹೆದರ್ಕೊಂಡೇ ನಮ್ಮ ಹುಳ ಬೇಗ ಗೂಡು ಕಟ್ತವೆ” ಎಂದು ನನ್ನ ಯಜಮಾನರು ಚೆನ್ನರಾಯಪ್ಪ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ಸೊಪ್ಪು ಹಾಕಿ ಕೈ ತೊಳೆದ ಮೇಲೆ ಮುಂದಿನ ಸೊಪ್ಪಿನವರೆಗೆ ಸಿಗುವ ಹೊತ್ತು ನನ್ನದು. ಆ ಹೊತ್ತಿನಲ್ಲಿ ನನಗೆ ಬೇಕಾದದ್ದು ಪತ್ತೇದಾರಿ ಪುಸ್ತಕ. ದೊಡ್ಡ ದೊಡ್ಡ ತತ್ವದ ಪುಸ್ತಕ ಓದಿ ನಾನು ಯಾರಿಗೆ ಭಾಷಣ ಮಾಡಬೇಕು? ಒಂದು ಮನೆ, ಒಂದು ಹೆಣ, ನಾಲ್ಕು ಜನ ಸುಳ್ಳು ಹೇಳುವವರು, ಕೊನೆಗೆ ಒಬ್ಬ ಸಿಕ್ಕಿಬೀಳಬೇಕು. ಅಷ್ಟಿದ್ದರೆ ನನ್ನ ದಿನ ಸಾಗುತ್ತದೆ.

ನಾವು ನಾಲ್ವರು ಒಬ್ಬರಿಗೊಬ್ಬರು ಗುರುತಾದದ್ದು ಚಿಕ್ಕಬಳ್ಳಾಪುರದಲ್ಲಿ, ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ. ಗುರುತಾದದ್ದು ಎನ್ನುವುದಕ್ಕಿಂತ ಜಗಳವಾದದ್ದು ಎನ್ನಬೇಕು. ಒಂದು ಪತ್ತೇದಾರಿ ಪುಸ್ತಕದ ಮೇಲೆ ನಾಲ್ಕು ಕೈ ಬಿದ್ದಿದ್ದವು. ಒಂದು ನನ್ನದು. ಇನ್ನೊಂದು ಗೌರಿಬಿದನೂರು ಕಡೆ ನಗರಗೆರೆಯ ಹನುಮಂತರಾಯಪ್ಪನವರದು, ನಿವೃತ್ತ ಡ್ರಿಲ್ ಮೇಷ್ಟ್ರು. ಮತ್ತೊಂದು ಶಿರೀಷಾ ಎಂಬ ಹುಡುಗಿಯದು, ಚಿಕ್ಕಬಳ್ಳಾಪುರದಲ್ಲೇ ಯಾವುದೋ ಕಂಪನಿಯ ಆಫೀಸಿನಲ್ಲಿ ಕೆಲಸ. ನಾಲ್ಕನೆಯದು ಚಿಂತಾಮಣಿ ಕಡೆಯಿಂದ ಬಂದಿದ್ದ ಈ ಮುನಿನಾರಾಯಣಪ್ಪನವರದು. ಮೊದಲು ಕೈಯಿಟ್ಟವಳು ನಾನು ಎಂದು ನಾನು ಅಂಗಡಿಯ ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. ಉಳಿದ ಮೂವರೂ ಬಿಡಲಿಲ್ಲ.

ಆಗ ಮುನಿನಾರಾಯಣಪ್ಪನವರು, “ಯಾಕಪ್ಪ ಬಡಿದಾಡ್ತೀರ? ಅಣ್ಣತಮ್ಮಂದಿರು ಜಮೀನು ಭಾಗ ಮಾಡ್ಕೊಳ್ಳಲ್ವಾ, ಹಂಗೇ ಮಾಡ್ಕೊಳ್ಳಣ” ಅಂದರು. ಪಕ್ಕದ ಕಟಿಂಗ್ ಶಾಪಿನಿಂದ ಬ್ಲೇಡು ತಂದು, ಪುಸ್ತಕದ ಬೆನ್ನಿಗೆ ಹಾಕಿ, ನಾಲ್ಕು ಭಾಗ ಮಾಡಿಯೇಬಿಟ್ಟರು. ಅಂಗಡಿಯವನು ತಲೆಯ ಮೇಲೆ ಕೈಹೊತ್ತು ನೋಡುತ್ತಿದ್ದ. ಯಾರಿಗೆ ಯಾವ ಭಾಗ ಎನ್ನುವುದಕ್ಕೂ ಜಮೀನಿಗೆ ಹಾಕುವ ಹಾಗೆ ಚೀಟಿ ಹಾಕಿದೆವು. ಓದಿದ ಭಾಗವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮುಂದಿನವರಿಗೆ ಮುಟ್ಟುತ್ತದೆ. ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಆ ಅಂಗಡಿ ಮುಚ್ಚಿಹೋದರೂ, ಮುಚ್ಚುವ ಮೊದಲು ಅಲ್ಲಿದ್ದ ಪತ್ತೇದಾರಿ ಪುಸ್ತಕಗಳನ್ನೆಲ್ಲ ಹೊತ್ತು ತಂದಿದ್ದೆವು.

ಈ ಪದ್ಧತಿಯಲ್ಲಿ ಓದಿದರೆ ಆಗುವ ಗೊಂದಲ ಅಷ್ಟಿಷ್ಟಲ್ಲ. ಮೊದಲ ಭಾಗದಿಂದ ಓದುವ ಅದೃಷ್ಟ ಚೀಟಿ ಬಂದ ಒಬ್ಬರಿಗೆ ಮಾತ್ರ. ಉಳಿದವರಿಗೆ ಹೆಣ ಮೊದಲು ಸಿಗುತ್ತದೆ, ಆಮೇಲೆ ಅದೇ ಮನುಷ್ಯ ಮದುವೆ ಮನೆಯಲ್ಲಿ ಹೋಳಿಗೆ ತಿನ್ನುತ್ತಾ ಸಿಗುತ್ತಾನೆ. ಭಾನುವಾರ ಮಧ್ಯಾಹ್ನ ನಾಲ್ವರೂ ಒಂದೇ ಫೋನಿನಲ್ಲಿ ಸೇರಿ ಮಾತಾಡುತ್ತಿದ್ದೆವು. ಒಬ್ಬರು “ಆ ನರ್ಸ್ ಒಳ್ಳೆಯವಳು” ಎಂದರೆ ಇನ್ನೊಬ್ಬರು “ಯಾವ ನರ್ಸು?” ಎನ್ನುತ್ತಿದ್ದರು. ಈ ರಾದ್ಧಾಂತದಲ್ಲಿ ಒಂದೇ ಒಂದು ಕಟ್ಟುನಿಟ್ಟು: ಕೊನೆಯ ಭಾಗ ಯಾರ ಕೈಯಲ್ಲಿದೆಯೋ ಅವರ ಬಾಯಿಗೆ ಬೀಗ. ಕೊಲೆಗಾರ ಯಾರೆಂದು ನಮ್ಮ ನಾಲ್ವರಲ್ಲಿ ಯಾರಿಗೂ ಹೇಳಕೂಡದು. ಇಷ್ಟು ವರ್ಷದಲ್ಲಿ ಒಬ್ಬರೂ ತಪ್ಪಿಲ್ಲ.

ಈ ಸಲದ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ಹೆಸರಿಲ್ಲ, ಬರೆದವರಿಲ್ಲ, ಅಚ್ಚಾದ ಊರಿಲ್ಲ. ಹಾಗಾಗಿ ಅದನ್ನು ಬೋಳು ಪುಸ್ತಕ ಎಂದು ಕರೆದೆವು. ಚೀಟಿಯಲ್ಲಿ ಮೊದಲ ಭಾಗ ಹನುಮಂತರಾಯಪ್ಪನವರಿಗೆ, ಎರಡನೆಯದು ಶಿರೀಷಾಗೆ, ಮೂರನೆಯದು ನನಗೆ ಬಂತು. ನಾಲ್ಕನೆಯದು ಅಣ್ಣನಿಗೆ. ಅವರು ಅದನ್ನು ಓದಿ ಮುಗಿಸಿ, ನನಗೆ ಆ ಮಾತು ಹೇಳಿ, ಭಾಗ ಬದಲಾಯಿಸುವ ಮೊದಲೇ ಹೊರಟುಹೋದರು.

ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಸುದ್ದಿ ಬಂದ ದಿನವೇ ನಮ್ಮ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿತ್ತು. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಸೊಪ್ಪಿನ ಮೇಲೆಯೇ ನೂಲು ಸುತ್ತಿ ಹಾಳಾಗುತ್ತವೆ. ಹುಳ ಆರಿಸುತ್ತಾ ಅಳುತ್ತಿದ್ದೆ. ಅಳುತ್ತಾ ಅವರ ಮಾತನ್ನೇ ಯೋಚಿಸುತ್ತಿದ್ದೆ. “ನೀನೇ ನೆನಪಿಗೆ ಬಂದೆ ನೋಡು.” ಕೈಯಲ್ಲಿ ಹುಳ, ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ಉರಿ. ಇವರೇನು ನನ್ನನ್ನು ಕೊಲೆಗಾತಿ ಅಂದುಕೊಂಡರೇ?

ತಪ್ಪೋ ಸರಿಯೋ, ಉಳಿದ ಮೂರು ಭಾಗಗಳನ್ನು ನಾವು ಮೂವರು ಬದಲಾಯಿಸಿಕೊಂಡು ಓದಿದೆವು. ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ, ನಾನೇ ಇಬ್ಬರನ್ನೂ ಅವಸರ ಮಾಡಿದೆ. ಓದಿದ ಮೇಲೆ ನನ್ನ ಉರಿ ಇನ್ನೂ ಹೆಚ್ಚಾಯಿತು. ಕಥೆ ಇಷ್ಟು. ಶೇಷಗಿರಿಯಪ್ಪ ಎಂಬ ಯಜಮಾನರು ಊಟವಾದ ಮೇಲೆ ಉಯ್ಯಾಲೆಯಲ್ಲಿ ಕೂತು ಮಜ್ಜಿಗೆ ಕುಡಿದು ಸಾಯುತ್ತಾರೆ. ಮಜ್ಜಿಗೆಯಲ್ಲಿ ವಿಷ. ಅನುಮಾನಕ್ಕೆ ಸಿಕ್ಕವರು ಅಳಿಯ ಪ್ರಭಾಕರ, ದಿನಾ ಬಂದುಹೋಗುವ ಡಾಕ್ಟರು, ಮತ್ತು ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಕಾವೇರಮ್ಮ. ಅಳಿಯನೂ ಡಾಕ್ಟರೂ ಬೆಣ್ಣೆಯಂಥ ಮಾತಿನವರು. ಕಾವೇರಮ್ಮ ಮಾತ್ರ ಬಜಾರಿ. ನಲ್ಲಿ ನೀರಿಗೆ ಬೈಯುತ್ತಾಳೆ, ಬೆಕ್ಕಿಗೆ ಬೈಯುತ್ತಾಳೆ, ಸತ್ತ ಯಜಮಾನರ ಹೆಣದ ಮುಂದೆಯೂ “ನಾನು ಮೊದಲೇ ಬಡ್ಕೊಂಡೆ” ಎಂದು ಬೈಯುತ್ತಾಳೆ. ಮಜ್ಜಿಗೆ ಚೊಂಬಿನ ಹತ್ತಿರ ಕಂಡವಳೂ ಅವಳೇ. ಮೂರನೇ ಭಾಗ ಮುಗಿಯುವಾಗ ಪೊಲೀಸರು ಅವಳನ್ನು ಜೀಪಿಗೆ ಹತ್ತಿಸುತ್ತಾರೆ, ಅವಳು ಜೀಪಿನ ಸೀಟು ಕೊಳಕಾಗಿದೆ ಎಂದು ಪೊಲೀಸರನ್ನೂ ಬೈಯುತ್ತಾಳೆ.

ಹೆಸರು ಹಿಡಿದು ಹೇಳಬೇಕೇನು? ಆ ಪುಸ್ತಕದಲ್ಲಿ ನನ್ನನ್ನು ನೆನಪಿಸುವವರು ಇನ್ಯಾರಿದ್ದರು?

ಭಾನುವಾರ ಮೂವರೇ ಫೋನಿನಲ್ಲಿ ಸೇರಿದಾಗ ನಾನು ನೇರವಾಗಿ ಕೇಳಿದೆ.

“ನಾನು ಆ ಕಾವೇರಮ್ಮನ ಥರಾನಾ? ಇದ್ದದ್ದು ಇದ್ದಂಗೆ ಹೇಳಿ.”

ಶಿರೀಷಾ ಗಂಟಲು ಸರಿಮಾಡಿಕೊಂಡಳು. “ಆಂಟಿ, ಅಂದ್ರೆ, ಎನರ್ಜಿ ಸ್ವಲ್ಪ ಸೇಮ್ ಇದೆ.”

“ಎನರ್ಜಿ ಅಂದ್ರೆ ಏನಮ್ಮ? ಬಾಯಿ ಜೋರು ಅಂತ ತಾನೇ?”

“ನೋಡ್ರಮ್ಮ,” ಹನುಮಂತರಾಯಪ್ಪನವರು ನಡುವೆ ಬಂದರು, “ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀರ? ಅಣ್ಣ ಬೇರೆ ಏನೋ ನೆನೆಸ್ಕೊಂಡಿರ್ಬೋದು.”

“ಬೇರೆ ಏನು?”

“ಅದು ಗೊತ್ತಿಲ್ಲ.”

“ಕಾವೇರಮ್ಮ ಕೊಲೆ ಮಾಡಿದ್ದಾಳಾ ಇಲ್ವಾ, ಅದಾದ್ರೂ ಹೇಳಿ.”

“ನನಗೆ ಡಾಕ್ಟ್ರ ಮೇಲೆ ಅನುಮಾನ,” ಅಂದರು ಮೇಷ್ಟ್ರು. “ನನಗೆ ಅಳಿಯ,” ಅಂದಳು ಶಿರೀಷಾ. ಆಮೇಲೆ ಮೇಷ್ಟ್ರು ಅಳಿಯನ ಕಡೆಗೂ, ಇವಳು ಡಾಕ್ಟರ ಕಡೆಗೂ ವಾಲಿದರು. ಇಬ್ಬರ ಮಾತು ಕೇಳಿ ನನ್ನ ತಲೆ ಇನ್ನಷ್ಟು ಕಲಸಿಹೋಯಿತು. ಶಿರೀಷಾ ಆ ಹೆಸರುಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಹಾಕಿ ನೋಡಿದ್ದಳಂತೆ. ಸಿಕ್ಕಿದ್ದು ಒಬ್ಬ ದಂತವೈದ್ಯ ಮತ್ತು ಒಂದು ಕಲ್ಯಾಣಮಂಟಪ. ಬೋಳು ಪುಸ್ತಕದ ಇನ್ನೊಂದು ಪ್ರತಿ ಹುಡುಕಲು ಹೆಸರಾದರೂ ಬೇಕಲ್ಲ. ಉಳಿದ ದಾರಿ ಒಂದೇ. ಕೈವಾರಕ್ಕೆ ತಿಥಿಗೆ ಹೋಗುವುದು, ಸಮಯ ನೋಡಿ ಮನೆಯವರ ಹತ್ತಿರ ನಾಲ್ಕನೇ ಭಾಗ ಕೇಳುವುದು.

ತಿಥಿಯ ದಿನ ನಾವು ಮೂವರು ಕೈವಾರದ ಬಸ್ಸು ನಿಲ್ಲುವ ಕಡೆ ಸೇರಿಕೊಂಡೆವು. ದೇವಸ್ಥಾನಕ್ಕೆ ಬಂದವರ ಗುಂಪು ದಾಟಿ, ಊರ ಹೊರಗಿನ ತೋಟದ ಮನೆಗೆ ನಡೆದೆವು. ಮೂರು ಭಾಗಗಳೂ ನನ್ನ ಬ್ಯಾಗಿನಲ್ಲಿದ್ದವು. ನಾಲ್ಕನೆಯದು ಸಿಕ್ಕರೆ ಬಸ್ಸಿನಲ್ಲೇ ಓದಿಬಿಡಬೇಕೆಂದು ಕನ್ನಡಕವನ್ನೂ ಒರೆಸಿ ಇಟ್ಟುಕೊಂಡಿದ್ದೆ. ಇದನ್ನು ಬರೆಯುವಾಗ ನನಗೇ ಹೇಗೋ ಆಗುತ್ತದೆ, ಆದರೆ ಇದ್ದದ್ದು ಹಾಗೆ.

ಅಣ್ಣನ ಫೋಟೊ ಮುಂದೆ ಎಡೆ ಇಟ್ಟಿದ್ದರು. ನಮ್ಮಲ್ಲಿ ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಡೆಯಲ್ಲಿ ಇಡುತ್ತಾರೆ. ಮುದ್ದೆ, ಹುರುಳಿ ಸಾರು, ವಡೆ, ಕಜ್ಜಾಯ, ಎಲೆ ಅಡಿಕೆ, ಹೊಸ ಪಂಚೆ, ಒಂದು ಸಣ್ಣ ರೇಡಿಯೊ ಕೂಡ ಇತ್ತು. ನಾನು ಕೈಮುಗಿದು ಕಣ್ಣು ಮುಚ್ಚುವ ಬದಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಬಾಳೆ ಎಲೆಯ ಆ ಕಡೆ, ಈ ಕಡೆ, ಫೋಟೊ ಹಿಂದೆ. ಪುಸ್ತಕ ಇರಲಿಲ್ಲ.

“ಮೇಷ್ಟ್ರೇ, ನೀವು ಗಂಡಸರು, ಮಗನ್ನ ಕೇಳಿ,” ಎಂದು ಪಿಸುಗುಟ್ಟಿದೆ.

ಹನುಮಂತರಾಯಪ್ಪನವರು ಅಣ್ಣನ ಮಗ ಮುರಳಿಮೋಹನನ ಹತ್ತಿರ ಹೋದರು. ತಲೆ ಬೋಳಿಸಿಕೊಂಡು ನಿಂತಿದ್ದ ಆ ಹುಡುಗನ ಮುಖ ನೋಡಿದ್ದೇ ಮೇಷ್ಟ್ರ ಧೈರ್ಯ ಇಳಿದುಹೋಯಿತು. ಅಷ್ಟು ಹೊತ್ತು ನಿಂತು ಅವರು ಕೇಳಿದ್ದು, “ಬೋರ್‌ವೆಲ್ಲಲ್ಲಿ ನೀರು ಹೆಂಗಿದೆಯಪ್ಪ?”

ವಾಪಸ್ ಬಂದು, “ನೀರು ಪರವಾಗಿಲ್ವಂತೆ” ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ತಿಥಿಮನೆ ಎನ್ನುವುದೂ ಮರೆತು, “ಬೋರ್‌ವೆಲ್ ನೀರು ಕೇಳೋಕೆ ನಗರಗೆರೆಯಿಂದ ಬಂದ್ರಾ ನೀವು?” ಎಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಬಂತು. ಊಟಕ್ಕೆ ಕೂತವರು ತಿರುಗಿ ನೋಡಿದರು. ಶಿರೀಷಾ ನನ್ನ ಸೆರಗು ಹಿಡಿದೆಳೆದಳು.

ಒಳಕೋಣೆಯ ಬಾಗಿಲಿನಿಂದ ಒಬ್ಬ ಹೆಂಗಸು ನಮ್ಮ ಕಡೆ ನೋಡುತ್ತಾ ನಿಂತಿದ್ದರು. ಹಣೆ ಬರಿದಾಗಿತ್ತು. ಅಣ್ಣನ ಹೆಂಡತಿ ಲಕ್ಷ್ಮೀನರಸಮ್ಮ ಎಂದು ಹೇಳಬೇಕಾಗಿರಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಅಣ್ಣನೊಂದಿಗೆ ಮಾತಾಡಿ, ಆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಒಂದು ದಿನ ಕೇಳಿದವರಲ್ಲ ನಾವು.

“ದಿಬ್ಬೂರಹಳ್ಳಿ ವರಲಕ್ಷ್ಮಮ್ಮ ನೀವೇ ಅಲ್ವಾ?” ಅಂದರು. “ದನಿ ಗೊತ್ತಾಯ್ತು. ರಾ ಅಮ್ಮ, ಒಳಗೆ ಬನ್ನಿ.”

ನಾನೊಬ್ಬಳೇ ಹೋದೆ. ಕೋಣೆಯಲ್ಲಿ ಚಾಪೆ ಹಾಸಿತ್ತು. ಅವರು ಗೋಡೆಗೆ ಒರಗಿ ಕೂತರು, ನಾನು ಎದುರಿಗೆ ಕೂತೆ. ಏನು ಮಾತಾಡಬೇಕೋ ತಿಳಿಯದೆ, “ಅತ್ತಿಗೆ, ಮಣ್ಣಿಗೆ ಬರೋಕಾಗ್ಲಿಲ್ಲ, ಹುಳ ಹಣ್ಣಾಗಿತ್ತು” ಅಂದೆ.

“ಗೊತ್ತಾಯ್ತು ಬಿಡಿ. ಹುಳ ಬಿಟ್ಟು ಹೆಂಗೆ ಬರ್ತೀರ.” ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. “ಪುಸ್ತಕಕ್ಕೆ ಬಂದ್ರಾ?”

ಇಲ್ಲ ಎನ್ನಬಹುದಿತ್ತು. ಆ ಕಣ್ಣಿನ ಮುಂದೆ ಸುಳ್ಳು ಬರಲಿಲ್ಲ. “ಅದಕ್ಕೂ ಬಂದೆ. ಅಣ್ಣ ನನಗೊಂದು ಮಾತು ಹೇಳಿ ಹೋಗಿದ್ದಾರೆ. ಆ ಕೊನೆ ಭಾಗ ಓದುವಾಗ ನಾನು ನೆನಪಾದೆ ಅಂತ. ಯಾಕೆ ಅಂತ ಹೇಳ್ಲಿಲ್ಲ. ಅವತ್ತಿಂದ ನನಗೆ ಊಟ ಸೇರ್ತಿಲ್ಲ. ಅದೊಂದು ಕೊಟ್ರೆ ಇಲ್ಲೇ ಓದಿ ವಾಪಸ್ ಕೊಡ್ತೀನಿ.”

“ಇಲ್ಲ,” ಅಂದರು ಲಕ್ಷ್ಮೀನರಸಮ್ಮ.

“ಕೊಡಲ್ವಾ?”

“ಕೊಡೋಕೆ ನನ್ನ ಹತ್ರ ಇಲ್ಲ. ಮಣ್ಣು ಮಾಡುವಾಗ ಅವರ ಜೊತೇಲೇ ಇಟ್ಬಿಟ್ಟೆ. ಕನ್ನಡಕ, ಎಲೆ ಅಡಿಕೆ ಚೀಲ, ಆ ಪುಸ್ತಕ.”

ಪಾಪ, ಗೊತ್ತಿಲ್ಲದೆ ಮಾಡಿದ್ದಾರೆ ಎಂದುಕೊಂಡೆ. “ಹರಿದ ಪುಸ್ತಕ ಅಂತ ಇಟ್ರಾ? ಅದು ಒಂದು ಭಾಗ ಅಷ್ಟೇ ಅತ್ತಿಗೆ, ಮಿಕ್ಕಿದ್ದು ನಮ್ಮ ಹತ್ರ ಇತ್ತು.”

“ಗೊತ್ತು. ನಿಮ್ಮ ಹತ್ರ ಇತ್ತು ಅಂತಲೇ ಇಟ್ಟೆ.”

ನಾನು ತಲೆಬುಡ ತಿಳಿಯದೆ ಅವರನ್ನೇ ನೋಡಿದೆ. ಅವರು ಕೂಗಾಡಲಿಲ್ಲ, ಅಳಲಿಲ್ಲ. ಸೆರಗಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಹೇಳಿದರು.

“ಕಿವಿ ಮಂದ ಅಂತ ಫೋನು ಜೋರಾಗಿ ಇಟ್ಕೊಳ್ಳೋರು. ಭಾನುವಾರ ಬಂದ್ರೆ ನಿಮ್ಮ ದನಿ ನಮ್ಮ ತೋಟದ ತನಕ ಕೇಳೋದು. ಎಷ್ಟು ನಗೋರು ಅವತ್ತು. ನಾನು ಅಡುಗೆಮನೇಲಿ ಕೂತು ಕೇಳಿಸ್ಕೊಳ್ತಿದ್ದೆ. ನೀವು ಹಿಂದುಮುಂದಾಗಿ ಮಾತಾಡ್ತಿದ್ರಿ, ಒಂದೂ ತಿಳೀತಿರ್ಲಿಲ್ಲ. ಕಥೆ ಏನು ಅಂತ ಕೇಳಿದ್ರೆ, ಅಯ್ಯೋ ಅದು ದೊಡ್ಡದು ಕಣೇ, ಈಗ ತಾನೇ ಮಾತಾಡಿ ಸಾಕಾಯ್ತು ಅನ್ನೋರು. ಆದ್ರೆ ಕೊನೆ ಭಾಗ ಓದಿದ ದಿನ ಮಾತ್ರ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿರ್ಲಿಲ್ಲ. ನಿಮಗ್ಯಾರಿಗೂ ಹೇಳಂಗಿಲ್ವಲ್ಲ. ಊಟಕ್ಕೆ ಕೂತಾಗ ನನಗೆ ಹೇಳೋರು. ಇಂಥೋನು ಕೊಂದ ಕಣೇ, ಹಿಂಗೆ ಸಿಕ್ಕಿಬಿದ್ದ ಕಣೇ ಅಂತ. ನಿಮ್ಮ ಹತ್ರ ಹೇಳಬಾರದ್ದನ್ನ ಮಾತ್ರ ನನ್ನ ಹತ್ರ ಹೇಳ್ತಿದ್ರು.”

ಹೊರಗೆ ಯಾರೋ ಸಾರು ಸಾರು ಎಂದು ಕೂಗುತ್ತಿದ್ದರು.

“ನನಗೆ ಕೊಂದೋರೆಲ್ಲ ಗೊತ್ತು, ವರಲಕ್ಷ್ಮಮ್ಮ. ನೀವು ಓದಿದ ಎಲ್ಲಾ ಪುಸ್ತಕದ ಕಳ್ಳರು ಕೊಲೆಗಾರರು ಎಲ್ಲಾ ಗೊತ್ತು. ಸತ್ತೋರು ಯಾರು ಅಂತ ಒಬ್ಬರೂ ಗೊತ್ತಿಲ್ಲ. ಕಥೆಯೆಲ್ಲ ನಿಮ್ಮ ಪಾಲು, ಕೊನೆ ಒಂದು ನನ್ನ ಪಾಲು. ಅದನ್ನೂ ಯಾಕೆ ಕೊಡಬೇಕು ಅನ್ನಿಸ್ತು. ಅದಕ್ಕೆ ಮಣ್ಣಿಗೆ ಇಟ್ಟೆ.”

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಕರುಳು ಕಿವುಚಬೇಕು. ನನಗೂ ಕಿವುಚಿತು. ಆದರೆ ನನ್ನ ಬಾಯಿ ನನ್ನ ಕರುಳಿಗಿಂತ ಮುಂದೆ. ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಹೇಳಿಯಾಗಿತ್ತು.

“ಅತ್ತಿಗೆ, ನಿಮಗೆ ಬುದ್ಧಿ ಇದೆಯಾ? ಇಷ್ಟು ವರ್ಷ ಅಡುಗೆಮನೇಲಿ ಕೂತು ಕೇಳಿಸ್ಕೊಳ್ಳೋ ಬದ್ಲು ಒಂದು ದಿನ ಬಂದು ಆ ಫೋನ್ ಕಿತ್ಕೊಂಡು ‘ನನಗೂ ಹೇಳ್ರಪ್ಪ’ ಅನ್ನೋಕೆ ಏನಾಗಿತ್ತು ನಿಮಗೆ? ಆಯಪ್ಪನಿಗೂ ಬುದ್ಧಿ ಇಲ್ಲ. ಮನೇಲಿ ಹೆಂಡ್ತೀನ ಇಟ್ಕೊಂಡು ನಗರಗೆರೆ ಮೇಷ್ಟ್ರಿಗೆ ಕಥೆ ಹೇಳ್ತಾರಂತೆ. ಇದ್ದಿದ್ರೆ ಇವತ್ತು ಅವರಿಗೂ ಸರಿಯಾಗಿ ಬೈತಿದ್ದೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಿಥಿಯ ದಿನ, ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ, ಆ ಗಂಡನಿಗೇ ಬೈದಿದ್ದೆ. ಎದ್ದು ಓಡಿಹೋಗಬೇಕೆನಿಸಿತು.

ಲಕ್ಷ್ಮೀನರಸಮ್ಮ ನಕ್ಕರು. ಮೊದಲು ಸಣ್ಣದಾಗಿ, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈ ಅಲುಗುವ ಹಾಗೆ ನಕ್ಕರು. ಬಾಗಿಲಲ್ಲಿ ಇಣುಕಿದ ನಂಟರ ಹೆಂಗಸೊಬ್ಬಳು ಗಾಬರಿಯಾಗಿ ಹಿಂದೆ ಸರಿದಳು.

“ಹಿಂಗೇ ಬೈತಾಳಂತೆ,” ಅಂದರು ಕಣ್ಣೊರೆಸಿಕೊಳ್ಳುತ್ತಾ. “ಅದ್ರಲ್ಲಿ ಒಬ್ಬಳು ಬಾಡಿಗೆಯೋಳು ಇದ್ದಾಳಂತಲ್ಲ. ಪೊಲೀಸ್ನೋರು ಅವಳನ್ನೇ ಹಿಡಿದ್ರಂತೆ. ಆದ್ರೆ ಆ ಮನೇಲಿ ಎಲ್ಲಾರೂ ನಯವಾಗಿ ಮಾತಾಡಿ ಎಲ್ಲಾರೂ ಸುಳ್ಳು ಹೇಳಿದ್ರಂತೆ. ಬೈಕೊಂಡು ತಿರುಗ್ತಿದ್ದ ಆಯಮ್ಮ ಒಬ್ಬಳೇ ಮೊದಲಿಂದ ಕೊನೆ ತನಕ ನಿಜ ಹೇಳಿದ್ದು. ಅವಳು ಬೈದಿದ್ದೆಲ್ಲ ಜೋಡಿಸಿದ್ರೆ ಕೊಲೆಗಾರ ಯಾರು ಅಂತ ಅದ್ರಲ್ಲೇ ಇತ್ತಂತೆ. ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಅವತ್ತು ಊಟ ಮಾಡ್ತಾ ಹೇಳಿದ್ರು. ದಿಬ್ಬೂರಹಳ್ಳೀಲಿ ನನಗೊಬ್ಬಳು ತಂಗಿ ಇದ್ದಾಳೆ, ಥೇಟು ಅವಳೇ ಕ‍ಣೇ, ಬಾಯಿ ತೆಗೆದ್ರೆ ಬೈಗುಳ, ಸುಳ್ಳು ಮಾತ್ರ ಬರಲ್ಲ ಅಂದ್ರು.”

ನನಗೆ ಏನೂ ಕಾಣಿಸಲಿಲ್ಲ. ಕಣ್ಣು ತುಂಬಿಹೋಗಿತ್ತು. ಇಷ್ಟು ದಿನ ಹೊತ್ತುಕೊಂಡು ತಿರುಗಿದ ಉರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಣ್ಣಿಗೆ ಬಾರದೆ ಬಾಕಿ ಉಳಿದಿದ್ದ ಅಳುವನ್ನೆಲ್ಲ ಆ ಚಾಪೆಯ ಮೇಲೆ ಕೂತು ಅತ್ತೆ. ಸಮಾಧಾನ ಮಾಡಬೇಕಾದವಳು ನಾನು, ನನ್ನ ಬೆನ್ನು ಸವರಿದವರು ಅವರು.

“ಕೊಂದೋನ ಹೆಸರೂ ಗೊತ್ತು ನನಗೆ,” ಅಂದರು ಸ್ವಲ್ಪ ಹೊತ್ತಾದ ಮೇಲೆ. “ಹೇಳ್ಲಾ?”

ಕೇಳಿಬಿಡಬೇಕೆಂದು ಬಾಯಿ ತುದಿಗೆ ಬಂತು. ಅಳಿಯನೋ ಡಾಕ್ಟರೋ, ಒಂದೇ ಮಾತಿಗೆ ಮುಗಿಯುತ್ತಿತ್ತು. ಹೊರಗೆ ಇಬ್ಬರು ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದರು.

“ಬೇಡ,” ಅಂದೆ. “ಕೊನೆ ಭಾಗ ನಿಮ್ಮ ಹತ್ರ ಇದೆ. ಅದು ಇರೋರ ಬಾಯಿಗೆ ಬೀಗ. ನಮ್ಮ ನಾಲ್ಕು ಜನದ ಕಟ್ಟುಪಾಡು ಅದು. ನೀವು ಮೊದಲು ಮಿಕ್ಕಿದ್ದು ಓದಿ. ಓದಿ ಮುಗಿಸಿದ ಭಾನುವಾರ ಫೋನಲ್ಲಿ ನೀವೇ ನಮಗೆಲ್ಲ ಹೇಳಬೇಕು.”

ನಾನು ಬ್ಯಾಗಿನಿಂದ ಮೊದಲನೇ ಭಾಗ ತೆಗೆದು ಅವರ ಮಡಿಲಲ್ಲಿ ಇಟ್ಟೆ. ಅದನ್ನು ತಿರುಗಿಸಿ ನೋಡಿದರು. ಬ್ಲೇಡು ಹಾಕಿದ ಮೇಲೆ ಹಾಳೆ ಉದುರದಂತೆ ದಬ್ಬಳದಲ್ಲಿ ಹೊಲಿದಿದ್ದ ಬೆನ್ನನ್ನು ಬೆರಳಿನಿಂದ ಸವರಿದರು. ಅವರ ಕನ್ನಡಕ ಅಡುಗೆಮನೆಯಲ್ಲಿ ಎಲ್ಲೋ ಇತ್ತು, ನನ್ನದನ್ನೇ ಕೊಟ್ಟೆ. ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದಲು ಶುರು ಮಾಡಿದರು. ನಾನು ಗೋಡೆ ಕಡೆ ತಿರುಗಿ ಕೂತೆ. ಎಷ್ಟೋ ಹೊತ್ತು ಪುಟ ತಿರುವುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹೊರಗೆ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತಿತು.

ಒಂದು ಕಡೆ ಅವರಿಗೆ ನಗು ಬಂತು. “ಈ ಶೇಷಗಿರಿಯಪ್ಪ ಒಳ್ಳೆ ತಮಾಷೆ ಮನುಷ್ಯ,” ಅಂದರು. “ಹೆಂಡ್ತಿಗೆ ಕಾಣದಂಗೆ ಬೆಲ್ಲ ತಿಂದು ಮೀಸೆ ಒರೆಸ್ಕೊಳ್ತಾರೆ ನೋಡಿ. ನಮ್ಮೋರೂ ಹಿಂಗೇ.”

ನಾನು ಹೂಂ ಅಂದೆ. ಮುಂದೆ ಓದಿದರು. ಯಜಮಾನರು ಊಟ ಮುಗಿಸಿ ಉಯ್ಯಾಲೆಯ ಕಡೆ ಬರುವ ಜಾಗಕ್ಕೆ ಬಂದಿದ್ದಾರೆಂದು ನನಗೆ ಗೊತ್ತಾಯಿತು. ಆ ಪುಟ ನನಗೆ ಬಾಯಿಪಾಠವಾಗಿಹೋಗಿತ್ತು. ಅವರ ಬೆರಳು ನಿಧಾನವಾಯಿತು.

“ವರಲಕ್ಷ್ಮಮ್ಮ, ಸಾಯೋರು ಇವರೇನಾ?”

ಅವರು ನನ್ನ ಮುಖ ನೋಡಿದರು. ಸುಳ್ಳು ಬಾರದ ಮುಖದಲ್ಲಿ ಏನು ಕಂಡರೋ, ಮತ್ತೆ ಕೇಳಲಿಲ್ಲ.

“ಯಾವಾಗ?”

“ಈ ಪುಟ ತಿರುವಿದ್ರೆ,” ಅಂದೆ.

ಅವರು ಪುಟದ ತುದಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ತೆಗೆದರು. ಪುಸ್ತಕವನ್ನು ಹಾಗೇ ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟರು.

“ಇವತ್ತು ಬೇಡ,” ಅಂದರು. “ಇವತ್ತೊಂದು ದಿನ ಉಯ್ಯಾಲೆ ಮೇಲೆ ಕೂತಿರ್ಲಿ.”